ಬೂಟಿನ ಬಾರು, ಬರಿಗಾಲು

‘ಪುಲ್ ಯುವರ್‌ಸೆಲ್ಫ್ ಅಪ್ ಬೈ ಯುವರ್ ಬೂಟ್‌ಸ್ಟ್ರಾಪ್ಸ್’ ಅಂತ ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟಿದೆ. ಬೂಟು ಏರಿಸಿಕೊಳ್ಳಲೆಂದು ಅದರ ಮೇಲಂಚಿಗೆ ಹೊಲಿದ ಬಾರು ಹಿಡಿದು ನಿನ್ನನ್ನು ನೀನೇ ಎತ್ತಿಕೋ ಅಂತ. ಯಾರ ಹಂಗೂ ಇಲ್ಲದೆ ಸ್ವಂತ ದುಡಿಮೆಯಿಂದ ಮೇಲೆ ಬಾ ಅನ್ನೋ ಅರ್ಥದಲ್ಲಿ ಬಳಸ್ತಾರೆ. ಕಾಲೇಜುಗಳಿಗೆ ಬಂದು ವ್ಯಕ್ತಿತ್ವ ವಿಕಸನದ ಭಾಷಣ ಬಿಗಿಯುವವರ ಬಾಯಲ್ಲಿ ಇದು ‘ನಿನ್ನ ಕಾಲ ಮೇಲೆ ನೀನು ನಿಲ್ಲು’ ಆಗಿದೆ. ಮೀಸಲಾತಿಯ ಮಾತೆತ್ತಿದರೆ ಇದೇ ಚಾಟಿ.

ಗೆಳೆಯರೆ, ಒಂದು ಸಲ ಮಾಡಿ ನೋಡಿ. ಎಕ್ಕಡದ ಬಾರು ಹಿಡಿದು ಎಷ್ಟು ಜಗ್ಗಿದರೂ ಮೈ ಒಂದು ಗೇಣು ಏಳಲ್ಲ, ಬಾರು ಕಿತ್ತು ಬರುತ್ತೆ ಅಷ್ಟೆ. ಈ ಮಾತು ಮೊದಲು ಕಾಣಿಸಿಕೊಂಡದ್ದೂ ಗೇಲಿಯಾಗಿಯೇ. ನಿಲ್ಲದೆ ತಾನೇ ತಿರುಗೋ ಯಂತ್ರ ಕಂಡುಹಿಡಿದೆ ಅಂದವನೊಬ್ಬನನ್ನು 1834ರಲ್ಲಿ ಅಮೆರಿಕದ ಪತ್ರಿಕೆ ಆಡಿಕೊಂಡಿತು: ಇವನು ಇನ್ನು ಬೂಟಿನ ಬಾರು ಹಿಡಿದೇ ನದಿ ದಾಟಬಲ್ಲ ಅಂತ. ಆಗದ ಕೆಲಸಕ್ಕೆ ಇಟ್ಟ ಹೆಸರು ಇಪ್ಪತ್ತನೇ ಶತಮಾನದ ಹೊತ್ತಿಗೆ ಉಪದೇಶವಾಯ್ತು. ಉಳ್ಳವರಿಗೆ ಅನುಕೂಲವೇ. ಬಿದ್ದವನು ಏಳದಿದ್ದರೆ ತಪ್ಪು ಅವನದೇ ಅನ್ನಬಹುದಲ್ಲ. ಬೂಟೇ ಇಲ್ಲದವನಿಗೆ ಹೀಗನ್ನೋದು ಕ್ರೂರ ತಮಾಷೆ ಅಂತ ಮಾರ್ಟಿನ್ ಲೂಥರ್ ಕಿಂಗ್ 1968ರಲ್ಲಿ, ಕೊಲೆಯಾಗುವ ಕೆಲವೇ ದಿನ ಮುಂಚೆ ಹೇಳಿದ್ದರು.

ನಮ್ಮಲ್ಲಿ ಅದಕ್ಕೂ ಮಿಗಿಲು. ತಂಗಡಿ ಚಕ್ಕೆಯಲ್ಲಿ ತೊಗಲು ಹದ ಮಾಡಿ, ರಂಪಿಗೆಯಲ್ಲಿ ಕೊಯ್ದು, ಊರಿಗೆಲ್ಲ ಮೆಟ್ಟು ಹೊಲಿದುಕೊಟ್ಟ ಮಾದಿಗರೇ ಮೇಲ್ಜಾತಿಯ ಬೀದಿಯಲ್ಲಿ ಮೆಟ್ಟು ಬಿಚ್ಚಿ ಕೈಲಿ ಹಿಡೀಬೇಕಿತ್ತು.

ನನ್ನನ್ನೂ ತೋರಿಸ್ತಾರೆ: ‘ನಿಡುಗಲ್ ಕಡೆಯ ಹಟ್ಟಿಯಿಂದ ಬಂದು ಇವನು ಬಿ.ಎ. ಮಾಡಲಿಲ್ವ?’ ಮಾಡಿದೆ. ಹಾಸ್ಟೆಲ್ಲಿನ ಮುದ್ದೆ, ಸ್ಕಾಲರ್‌ಶಿಪ್ಪು, ಅವ್ವನ ಕೂಲಿ, ಇದಕ್ಕೆಲ್ಲ ಹಿಂದೆ ಬಾಬಾಸಾಹೇಬರ ಹೋರಾಟ. ಇಷ್ಟು ಕೈ ಸೇರಿ ಎತ್ತಿದ ಮೈ ಇದು.

ಪಾವಗಡದ ಸೋಲಾರ್ ಪಾರ್ಕನ್ನೇ ನೋಡಿ. ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್, 2018ರಲ್ಲಿ ಉದ್ಘಾಟನೆ. ಪಹಣಿ ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ. ಆ ಹೊಲಗಳಲ್ಲಿ ಕಳೆ ಕಿತ್ತು, ಕಡ್ಲೆಕಾಯಿ ಬಿಡಿಸಿ ಬದುಕಿದ ಭೂಮಿಯಿಲ್ಲದವರಿಗೆ? ಪಹಣಿಯಿಲ್ಲ, ಹಣವಿಲ್ಲ, ಇದ್ದ ಕೂಲಿಯೂ ಹೋಯ್ತು. ಕೆಲವರಿಗೆ ಬೇಲಿಯೊಳಗೆ ಹುಲ್ಲು ಕೀಳೋ, ಫಲಕ ತೊಳೆಯೋ, ಕಾವಲು ಕಾಯೋ ಕೆಲಸ ಸಿಕ್ಕಿತು. ಎಷ್ಟೋ ಮಂದಿ ಬೆಂಗಳೂರಿನ ಬಸ್ಸು ಹತ್ತಿದರು. ಇವರಿಗೆ ಯಾವ ಬಾರು ಹಿಡಿ ಅನ್ನೋದು?

ಮೇಷ್ಟ್ರೇ, ಈ ನುಡಿಗಟ್ಟು ಪಾಠದಲ್ಲಿ ಬಂದರೆ ಪರೀಕ್ಷೆಗೆ ಬೇಕಾದ ಅರ್ಥ ಬರೆಸಿ. ಜತೆಗೆ 1834ರ ಗೇಲಿಯನ್ನೂ ಹೇಳಿ. ಮಕ್ಕಳು ನಗಲಿ.