ಕಲಿಸಿದ್ದಾಯಿತು, ಸಾಕುವವರು ಯಾರು? ಸಾಂಗ್ಲಿ–ಮಿರಜಿನಿಂದ ಮುಕ್ತ ತಂತ್ರಾಂಶದ ಕುರಿತು

ನಾನು ಮಿರಜಿನಿಂದ ಮಾತಾಡ್ತಿದ್ದೇನೆ. ನನ್ನದು ಒಂದೇ ತಕರಾರು: ನಮ್ಮ ವಿಶ್ವವಿದ್ಯಾಲಯಗಳು ಮುಕ್ತ ತಂತ್ರಾಂಶವನ್ನು ಕಲಿಸುತ್ತವೆ, ಬಳಸುತ್ತವೆ, ಸಾಕುವುದು ಅಪರೂಪ.

ಪಕ್ಕದ ಸಾಂಗ್ಲಿಯಲ್ಲಿ 1947ರಲ್ಲಿ ಶುರುವಾದ ವಾಲ್‌ಚಂದ್ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ವಿದ್ಯಾರ್ಥಿಗಳೇ ನಡೆಸುವ ಲಿನಕ್ಸ್ ಬಳಕೆದಾರರ ಬಳಗವೂ ಇದೆ. ಇದು ಸಣ್ಣ ಮಾತಲ್ಲ. ಆದರೆ ಯಾವ ಕಾಲೇಜಿನದೇ ಆಗಲಿ, ಇಂಥ ಬಳಗಗಳ ಪಾಡು ಒಂದೇ. ನಾಲ್ಕು ವರ್ಷ ಮುಗೀತು, ಪಳಗಿದ ಕೈಗಳು ಪುಣೆಗೋ ಬೆಂಗಳೂರಿಗೋ ಹೋದವು, ಹೊಸಬರದ್ದು ಮತ್ತೆ ಮೊದಲಿಂದ ಶುರು. ಕೋಡ್ ಬದುಕಬೇಕಾದರೆ ಹತ್ತು ವರ್ಷ ಒಂದೇ ಕಡೆ ಕೂತವರು ಬೇಕು. ಹಾಗೆ ಕೂತಿರುವವರು ಅಧ್ಯಾಪಕರು; ಅವರ ಬಡ್ತಿಯಲ್ಲಿ ಪ್ಯಾಚ್‌ಗಿಂತ ಪ್ರಬಂಧಕ್ಕೇ ತೂಕ. ನಮ್ಮೂರ ಸಿತಾರ್ ಕುಶಲಕರ್ಮಿಗಳು ತಂಬೂರಿ ಕಟ್ಟುವುದಷ್ಟೇ ಅಲ್ಲ, ರಿಪೇರಿನೂ ಮಾಡ್ತಾರೆ ನೋಡಿ.

ಮುಂಬೈ ಐಐಟಿಯ ಕೆಲಸ ನೆನೆಯಲೇಬೇಕು. ಅಲ್ಲಿನ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಮರಾಠಿಯಲ್ಲೂ ಇವೆ, ಕನ್ನಡದಲ್ಲೂ ಇವೆ. ಅಂದರೆ ಜತ್ತ ತಾಲೂಕಿನ ಕನ್ನಡ ಹುಡುಗಿಗೆ ತನ್ನ ಭಾಷೆಯಲ್ಲೇ ಲಿನಕ್ಸ್ ಕೇಳಿಸುತ್ತದೆ. ಕೇಳಿಸುತ್ತದೆ, ಸರಿ. ಅವಳಿಗೆ ಕಂಡ ದೋಷವನ್ನು ಯಾರಿಗೆ ಹೇಳಬೇಕು? ಅದೇ ಐಐಟಿಯ ಫಾಸೀ ಯೋಜನೆ ಪಠ್ಯಪುಸ್ತಕದ ಲೆಕ್ಕಗಳಿಗೆ ಸೈಲ್ಯಾಬ್ ಕೋಡ್ ಬರೆದ ವಿದ್ಯಾರ್ಥಿಗಳಿಗೆ ಗೌರವಧನ ಕೊಟ್ಟಿತು. ಉಪಯುಕ್ತ, ಆದರೆ ಅದು ಸೈಲ್ಯಾಬ್‌ನ ಬಳಕೆ, ಸೈಲ್ಯಾಬನ್ನೇ ತಿದ್ದಿದ್ದಲ್ಲ. ಸರ್ಕ್ಯೂಟ್ ವಿನ್ಯಾಸಕ್ಕೆ ಅವರೇ ಕಟ್ಟಿದ ಈಸಿಮ್ ನನ್ನ ತಕರಾರಿಗೆ ಅಪವಾದ, ಒಪ್ಪುತ್ತೇನೆ.

ಕನ್ನಡದ್ದೇ ಉದಾಹರಣೆ ಕೊಡ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೇದಗೆ, ಮಲ್ಲಿಗೆ ಫಾಂಟುಗಳನ್ನು ಜಿಪಿಎಲ್ ಪರವಾನಗಿಯಲ್ಲಿ ಕೊಟ್ಟಿತು. ಲಿನಕ್ಸ್‌ನಲ್ಲಿ ಕನ್ನಡ ಓದಲು ಅವು ಎಷ್ಟೋ ಜನಕ್ಕೆ ಆಸರೆಯಾದವು. ಆದರೆ ಅರ್ಕಾವತ್ತು, ಒತ್ತಕ್ಷರ ಅಂದರೆ ಒಮ್ಮೆ ಮಾಡಿ ಮುಗಿಸುವ ಕೆಲಸವೇ? ಆಮೇಲೆ ಗುಬ್ಬಿ, ನವಿಲು ಫಾಂಟುಗಳನ್ನು ತಂದದ್ದು ವಿಶ್ವವಿದ್ಯಾಲಯವಲ್ಲ, ಹೊರಗಿನ ಆಸಕ್ತರು.

ಬಿಟ್ಟುಕೊಡುವುದು ತಪ್ಪಲ್ಲ. ಬರ್ಕ್ಲಿಯಲ್ಲಿ 1986ರಲ್ಲಿ ಶುರುವಾದ ಪೋಸ್ಟ್‌ಗ್ರೆಸ್ ಯೋಜನೆಯೂ ಅಲ್ಲಿ ನಿಂತಿತು. ಇಬ್ಬರು ವಿದ್ಯಾರ್ಥಿಗಳು ಅದಕ್ಕೆ ಎಸ್‌ಕ್ಯೂಎಲ್ ಸೇರಿಸಿದರು, 1996ರಲ್ಲಿ ಹೊರಗಿನ ಸ್ವಯಂಸೇವಕರು ಕೈಗೆತ್ತಿಕೊಂಡರು, ಇವತ್ತೂ ನಡೀತಿದೆ. ಕೋಡೂ ಪರವಾನಗಿಯೂ ತೆರೆದಿದ್ದರಿಂದ ಅದು ಸಾಧ್ಯವಾಯಿತು. ನಮ್ಮಲ್ಲಿ ಎಷ್ಟೋ ಫೈನಲ್ ಇಯರ್ ಪ್ರಾಜೆಕ್ಟುಗಳು ಸಿಡಿಯಾಗಿ ವಿಭಾಗದ ಕಪಾಟು ಸೇರುತ್ತವೆ. ಹೊಸ ಪ್ರಾಜೆಕ್ಟಿಗೆ ಕೊಡುವ ಅಂಕವನ್ನೇ ಈಗಿರುವ ಕನ್ನಡ ಫಾಂಟಿನ ಒಂದು ದೋಷ ಸರಿಮಾಡಿದ ಹುಡುಗನಿಗೂ ಕೊಡಲು ಯಾವ ಪರೀಕ್ಷಾ ಮಂಡಳಿ ಒಪ್ಪುತ್ತದೆ? ಈ ಪ್ರಶ್ನೆಯನ್ನು ಇಲ್ಲಿರುವ ಅಧ್ಯಾಪಕ ಮಿತ್ರರಿಗೇ ಬಿಡುತ್ತೇನೆ.