ಪಾಪದ ಚಿತ್ರಣವೂ ಕಲೆಯ ಧರ್ಮವೂ

ಪಾಪವನ್ನು ಚಿತ್ರಿಸುವ ಕಲೆ ಪಾಪಕ್ಕೆ ಸಮ್ಮತಿಸುತ್ತದೆಯೇ? ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯನ್ನು ಆಧರಿಸಿದ ಚಲನಚಿತ್ರವನ್ನು ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿಯಿತು. ಅದೇ ಚಿತ್ರ 1970ರ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮವೆನಿಸಿತು.

ಶಾಸ್ತ್ರನಿಷ್ಠರಾದ ಪ್ರಾಣೇಶಾಚಾರ್ಯರು ಎಡವುತ್ತಾರೆ. ಕೃತಿ ಆ ಪತನವನ್ನು ಕೊಂಡಾಡುವುದಿಲ್ಲ, ಮುಚ್ಚಿಡುವುದೂ ಇಲ್ಲ. ಯಾಜಕರಾದ ನಮಗೂ ಅದೊಂದು ಕನ್ನಡಿ. ಪ್ರವಾದಿ ನಾತಾನನು ದಾವೀದನ ಕಣ್ಣು ತೆರೆಸಿದ್ದು ಬಡವನ ಕುರಿಮರಿಯ ಕಥೆಯಿಂದಲೇ ಅಲ್ಲವೇ?

1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ನೈತಿಕತೆಯ ಪರಮ ಪ್ರಾಧಾನ್ಯವನ್ನು ಸಾರಿತು. ಜೊತೆಗೆ, ಸಂಯಮವುಳ್ಳ ಕೆಡುಕಿನ ಚಿತ್ರಣ ಮಾನವನನ್ನು ಆಳವಾಗಿ ಅರಿಯಲು ನೆರವಾಗಬಲ್ಲದೆಂದೂ ಒಪ್ಪಿತು.

ಹುಣಸೂರು, ಪಿರಿಯಾಪಟ್ಟಣ, ಕೋಟೆಯ ನಮ್ಮ ಹೆತ್ತವರು ಮಕ್ಕಳ ಕೈಯ ಪುಸ್ತಕವನ್ನು ಕಸಿಯುವ ಮುನ್ನ ತಾವೇ ಓದಿ ನೋಡಲಿ: ಇದು ಪಾಪವನ್ನು ಮಾರುತ್ತಿದೆಯೋ, ಅದರ ನೋವನ್ನು ತೋರುತ್ತಿದೆಯೋ? ಕಲೆ ಉಪದೇಶಿಸಲೇಬೇಕೆಂದಿಲ್ಲ; ಸುಳ್ಳಾಡಬಾರದು.