ದೂರಪಾಠದಲ್ಲಿ ಶಿಕ್ಷಕನ ಕರ್ತೃತ್ವ

ಆನ್‌ಲೈನ್ ಪಾಠಗಳನ್ನು ರಚಿಸಿ ಬೋಧಿಸುವ ವಿದ್ಯೆಯಲ್ಲಿ ಶಿಕ್ಷಕರನ್ನು ಪಳಗಿಸುವುದು ತೀರ ಈಚಿನ ಸಮಸ್ಯೆಯೆಂದು ಭಾವಿಸುವುದು ವಾಡಿಕೆಯಾಗಿದೆ. ಉಪಕರಣವೇನೋ ಹೊಸದು, ಸಮಸ್ಯೆ ಹಳೆಯದು. ಕಣ್ಣೆದುರಿಗಿಲ್ಲದ ವಿದ್ಯಾರ್ಥಿಗಾಗಿ ಪಾಠವನ್ನು ಹೇಗೆ ಕಟ್ಟಬೇಕು, ಕಟ್ಟಬೇಕಾದವರು ಯಾರು ಎಂಬ ಪ್ರಶ್ನೆಗಳು ಅಹಮದಾಬಾದಿನಲ್ಲಿ 1975ರಷ್ಟು ಹಿಂದೆಯೇ ಎದ್ದಿದ್ದವು. ಅವುಗಳಿಗೆ ಅಂದು ದೊರೆತ ಉತ್ತರದಲ್ಲಿ ಕನ್ನಡಕ್ಕೂ ಪಾಲುಂಟು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗವು, ಅಮೆರಿಕದಿಂದ ಎರವಾಗಿ ಬಂದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತು. ಮುಖ್ಯ ಭೂಕೇಂದ್ರವಿದ್ದುದು ಅಹಮದಾಬಾದಿನಲ್ಲಿ. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾಗಿದ್ದವು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯ ಅಂಟೆನಾ ಅಲ್ಲಿ ಆಕಾಶಕ್ಕೆ ಮುಖವೆತ್ತಿ ನಿಂತಿತು. ಆ ವರ್ಷದಲ್ಲಿಯೇ, ಹನ್ನೆರಡು ಹನ್ನೆರಡು ದಿನಗಳ ಎರಡು ಶಿಬಿರಗಳಲ್ಲಿ, ಒಟ್ಟು ಸುಮಾರು 48,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ನಡೆಯಿತು.

ಸಂಖ್ಯೆಗಿಂತ ಹೆಚ್ಚು ಪರಿಶೀಲನಾರ್ಹವಾದುದು ಆ ಶಿಬಿರದ ರಚನೆ. ಪರದೆಯೊಂದೇ ಗುರುವಾಗಲಾರದೆಂಬ ಅರಿವು ಅದರಲ್ಲಿ ಸ್ಪಷ್ಟವಾಗಿತ್ತು. ಚಿತ್ರದೊಡನೆ ರೇಡಿಯೊ ಪಾಠ, ಮುದ್ರಿತ ಕೈಪಿಡಿ, ಕೈಯಾರೆ ಮಾಡಬೇಕಾದ ಪ್ರಯೋಗಗಳು, ಇವೆಲ್ಲವನ್ನೂ ಕೇಂದ್ರದಲ್ಲಿ ಕುಳಿತು ನಡೆಸಿಕೊಡುವ ಒಬ್ಬ ಮಾರ್ಗದರ್ಶಕ ಶಿಕ್ಷಕ, ಹೀಗಿತ್ತು ಏರ್ಪಾಡು. ಕನ್ನಡಿಗರಿಗೆ ಇದು ಅಪರಿಚಿತ ಪದ್ಧತಿಯಲ್ಲ. ಗಮಕಿ ಪದ್ಯವನ್ನು ವಾಚಿಸುತ್ತಾನೆ. ಪಕ್ಕದ ವ್ಯಾಖ್ಯಾನಕಾರ ಸಭೆಯ ಮುಖವನ್ನು ನೋಡಿ ಅರ್ಥವನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಸೈಟ್ ಶಿಬಿರದಲ್ಲಿ ವಾಚನ ಆಕಾಶದಿಂದ ಇಳಿಯುತ್ತಿತ್ತು, ವ್ಯಾಖ್ಯಾನ ನೆಲದ ಮೇಲೆ ನಡೆಯುತ್ತಿತ್ತು.

ಆದರೆ ದೋಷವೂ ಅಲ್ಲಿಯೇ ಇತ್ತು. ಆ ಉಪಗ್ರಹವು ಸಾಗಿಸುತ್ತಿದ್ದುದು ಒಂದು ಚಿತ್ರ, ಎರಡು ದನಿ. ಸೈಟಿನ ಕನ್ನಡ ಕಾರ್ಯಕ್ರಮಗಳಿಗೆ ಆಕಾಶವಾಣಿಯ ನಿರ್ಮಾಣಕೇಂದ್ರವಿದ್ದುದು ಹೈದರಾಬಾದಿನಲ್ಲಿ, ತೆಲುಗಿನೊಡನೆ. ಒಂದೇ ಬಿಂಬವನ್ನು ಎರಡು ನುಡಿಗಳಿಗೆ ಹಂಚಬಹುದಾದಲ್ಲಿ ನುಡಿಯು ಪಾಠದ ಮೈಯಾಗದೆ ಬರಿಯ ಉಡುಪಾಗುವ ಅಪಾಯ ತಪ್ಪದು. ಮೇಲಾಗಿ, ರಾಯಚೂರಿನ ಶಿಕ್ಷಕನಿಗೆ ಸಂದೇಹ ಬಂದರೆ ಅದನ್ನು ಮೇಲಕ್ಕೆ ಕಳುಹಿಸುವ ದಾರಿಯೇ ಇರಲಿಲ್ಲ. 1996ರ ಜನವರಿಯಲ್ಲಿ ಕರ್ನಾಟಕದ ಪ್ರಾಥಮಿಕ ಶಿಕ್ಷಕರಿಗೆ ಉಪಗ್ರಹದ ಮೂಲಕ ನಡೆದ ತರಬೇತಿಯಲ್ಲಿ ಈ ಕೊರತೆ ಅರ್ಧ ತೀರಿತು: ಚಿತ್ರ ಒಮ್ಮುಖವಾಗಿಯೇ ಉಳಿದರೂ ದನಿ ಇಮ್ಮುಖವಾಯಿತು. ಶಿಕ್ಷಕ ಪ್ರಶ್ನೆ ಕೇಳುವವನಾದ, ಪಾಠ ಕಟ್ಟುವವನಾಗಲಿಲ್ಲ.

ಈಚಿನ ಏರ್ಪಾಡುಗಳನ್ನು ಈ ಹಿನ್ನೆಲೆಯಲ್ಲಿಯೇ ತೂಗಬೇಕು. 2017ರ ಜುಲೈಯಲ್ಲಿ ಆರಂಭವಾದ ‘ಸ್ವಯಂ’ ಜಾಲದ ಪಾಠಕ್ಕೆ ನಾಲ್ಕು ಅಂಗಗಳು: ವೀಡಿಯೊ, ಓದುಪಠ್ಯ, ಚರ್ಚೆ, ಮೌಲ್ಯಮಾಪನ. ಲಕ್ಷಣವಾಗಿ ಇದು ನಿರ್ದುಷ್ಟ. ಆದರೆ ಅದರ ಮೇಲೆಯೇ 2018ರಲ್ಲಿ ಕಾಲೇಜು ಅಧ್ಯಾಪಕರಿಗಾಗಿ ತೊಡಗಿದ ‘ಅರ್ಪಿತ್’ ತರಬೇತಿಯಲ್ಲಿ, ಬಡ್ತಿಯ ಲೆಕ್ಕಕ್ಕೆ ಬಂದುದು ನಲವತ್ತು ಗಂಟೆಗಳ ವ್ಯಾಸಂಗ ಮತ್ತು ಕೊನೆಯ ಪರೀಕ್ಷೆ. ಶಾಲಾಶಿಕ್ಷಕರಿಗಾಗಿ 2020ರ ಅಕ್ಟೋಬರಿನಲ್ಲಿ ‘ದೀಕ್ಷಾ’ ಜಾಲಕ್ಕೆ ಬಂದ ‘ನಿಷ್ಠಾ’ದ ಹದಿನೆಂಟು ಪಾಠಗಳ ಮೂಲ ದಿಲ್ಲಿಯ ಎನ್.ಸಿ.ಇ.ಆರ್.ಟಿ.; ಪ್ರಾಂತಗಳಿಗೆ ಉಳಿದುದು ಬಹುಮಟ್ಟಿಗೆ ಭಾಷಾಂತರ. ಪಾಠ ರಚಿಸುವುದನ್ನು ಪಾಠ ನೋಡಿಯೇ ಕಲಿಯಬಹುದೆಂದಾದರೆ, ಗಮಕ ಕೇಳಿದವರೆಲ್ಲ ಗಮಕಿಗಳಾಗಬೇಕಾಗಿತ್ತು!

ದೂರದವರಿಗೆ ವಿದ್ಯೆಯನ್ನು ಮುಟ್ಟಿಸುವುದರಲ್ಲಿ ವಡೋದರದ ಅನುಭವ ಇನ್ನೂ ಹಳೆಯದು. ಸಯಾಜಿರಾವ್ ಗಾಯಕವಾಡರು 1906ರಲ್ಲಿ ಸಂಸ್ಥಾನದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದರು. 1910ರಲ್ಲಿ ಅಮೆರಿಕದ ಬೋರ್ಡನ್ ಎಂಬ ಗ್ರಂಥಾಲಯತಜ್ಞನನ್ನು ಕರೆಸಿದರು. ಅನಂತರ ಪುಸ್ತಕದ ಪೆಟ್ಟಿಗೆಗಳು ಊರಿಂದೂರಿಗೆ ಸಂಚರಿಸಿದವು. ಅಷ್ಟೇ ಅಲ್ಲ, ಹಳ್ಳಿಯವರು ಹಣ ಕೂಡಿಸಿದಲ್ಲಿ ಸಂಸ್ಥಾನವೂ ತನ್ನ ಪಾಲು ಸೇರಿಸಿ ಗ್ರಂಥಾಲಯ ತೆರೆಯುತ್ತಿತ್ತು. ಪಡೆಯುವವನು ಅಲ್ಲಿ ಪಾಲುಗಾರನೂ ಆಗಿದ್ದ.

ಸೂರತ್ತಿನ ಪೌರಶಾಲೆಗಳನ್ನು ಗಮನಿಸಿದರೆ ಈ ಮಾತಿನ ತುರ್ತು ತಿಳಿದೀತು. ಗುಜರಾತಿ, ಹಿಂದಿ, ಮರಾಠಿ, ಉರ್ದು, ಒಡಿಯ, ತೆಲುಗು, ಇಂಗ್ಲಿಷ್ ಎಂಬ ಏಳು ಮಾಧ್ಯಮಗಳಲ್ಲಿ ಅಲ್ಲಿ ಬೋಧನೆ ನಡೆಯುತ್ತದೆ. ಒಡಿಯ, ತೆಲುಗು ಕುಟುಂಬಗಳು ಹಲವು ಮಗ್ಗದ ಕೆಲಸಕ್ಕಾಗಿ ಬಂದವು. ಮಕ್ಕಳ ಮನೆಮಾತೊಂದು, ಬೀದಿಯ ಮಾತೊಂದು. ಇಂಥ ಮಗುವಿಗೆ ಭಿನ್ನರಾಶಿಯನ್ನು ಪರದೆಯ ಮೇಲೆ ಕಲಿಸಬೇಕಾದರೆ ಉದಾಹರಣೆ ರೊಟ್ಟಿಯ ತುಂಡೋ, ಸೀರೆಯ ಗಜವೋ, ಅದನ್ನು ಯಾವ ಮಾತಿನಲ್ಲಿ ಹೇಳಬೇಕೋ, ಮಗು ಎಲ್ಲಿ ತಡವರಿಸೀತೋ, ಬಲ್ಲವನು ಆ ಕೊಠಡಿಯ ಶಿಕ್ಷಕನೇ ಹೊರತು ದಿಲ್ಲಿಯ ತಜ್ಞನಲ್ಲ. ಆ ಶಿಕ್ಷಕನಿಂದ ಹತ್ತು ನಿಮಿಷಗಳ ಒಂದು ಪಾಠವನ್ನು ಬರೆಸಿ, ಅದನ್ನು ಐದಾರು ಮಕ್ಕಳ ಮುಂದಿರಿಸಿ, ಅವರು ತಡೆದ ಕಡೆಗಳನ್ನು ಗುರುತಿಸಿ ಮತ್ತೆ ಬರೆಸುವುದು ತರಬೇತಿಯ ಮೊದಲ ವಾರದ ಕೆಲಸವಾಗಬೇಕು. ಪ್ರಮಾಣಪತ್ರಕ್ಕೂ ಆ ಎರಡನೆಯ ಕರಡನ್ನೇ ಆಧಾರವಾಗಿಟ್ಟುಕೊಳ್ಳಬಹುದು.